ಸತ್ತ ತಂಡವನ್ನು ಎಬ್ಬಿಸಿದವರ ಕಥೆ ಎಲ್ಲಿ?

ನಮಸ್ಕಾರ. ಅಮೆರಿಕದ ಡಿಸಿ ಕಂಪನಿಯ ‘ಡೂಮ್ ಪ್ಯಾಟ್ರೋಲ್’ ಎಂಬ ಸೂಪರ್‌ಹೀರೋ ತಂಡದ ಕಾಮಿಕ್ಸನ್ನು ಬೇರೆ ಬೇರೆ ಬರಹಗಾರರು ಹೇಗೆ ಹೊಸದಾಗಿ ಕಟ್ಟಿದರು ಎಂಬ ನಿಮ್ಮ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಮಾತ್ರ ಬಿಡಬೇಡಿ.

1963ರಲ್ಲಿ ಆರ್ನಾಲ್ಡ್ ಡ್ರೇಕ್, 1989ರಲ್ಲಿ ಗ್ರಾಂಟ್ ಮಾರಿಸನ್, 1993ರಲ್ಲಿ ರೇಚಲ್ ಪೊಲಾಕ್ ಅಂತ ಬರೀ ಹೆಸರು, ಇಸವಿ. ಪ್ರತಿ ಪ್ಯಾರಾ ಕೊನೆಗೂ ‘ಹೊಸ ರೂಪ ಕೊಟ್ಟರು’ ಎಂದಿದ್ದೀರಿ. ಯಾವ ರೂಪ? ಹಳೆಯದರಲ್ಲಿ ಏನು ಉಳಿಸಿಕೊಂಡರು?

ತಂಡದಲ್ಲಿ ಒಬ್ಬನನ್ನೇ ಹಿಡಿಯಿರಿ, ಕ್ಲಿಫ್ ಸ್ಟೀಲ್. ರೇಸ್ ಕಾರು ಓಡಿಸುತ್ತಿದ್ದವನು, ಅಪಘಾತದಲ್ಲಿ ಮೈ ನುಜ್ಜುಗುಜ್ಜಾಗಿ ಮಿದುಳೊಂದೇ ಉಳಿದು, ಅದನ್ನು ಯಂತ್ರದ ಮೈಯೊಳಗೆ ಕೂರಿಸಲಾಗಿದೆ. ಡ್ರೇಕ್ ಕೈಯಲ್ಲಿ ಅವನು ಗೊಣಗುತ್ತಲೇ ಹೊಡೆದಾಡುವ ಗಟ್ಟಿ ಆಸಾಮಿ. ಮಾರಿಸನ್ 19ನೇ ಸಂಚಿಕೆಯಿಂದ ಬರೆಯಲು ಶುರುಮಾಡಿದಾಗ ಕ್ಲಿಫ್ ಮಾನಸಿಕ ಆಸ್ಪತ್ರೆಯಲ್ಲಿದ್ದಾನೆ. ರುಚಿ, ಮುಟ್ಟಿದ ಸುಖ ಎಲ್ಲ ಅವನಿಗೆ ಬರೀ ನೆನಪು. ಅಲ್ಲೇ ಜೇನ್ ಸಿಗುತ್ತಾಳೆ, 64 ವ್ಯಕ್ತಿತ್ವಗಳನ್ನು ಒಳಗೆ ಹೊತ್ತವಳು. ಮಾರಿಸನ್ ಕ್ಲಿಫ್‌ನನ್ನು ಬದಲಾಯಿಸಲಿಲ್ಲ ಅಲ್ವಾ? ಡ್ರೇಕ್ ಬಿಟ್ಟುಹೋದ ನೋವಿನ ಹತ್ತಿರ ಜಾಸ್ತಿ ಹೊತ್ತು ಕೂತರು, ಅಷ್ಟೇ. ಇದಕ್ಕೆ ನೀವು ಕೊಟ್ಟಿರುವುದು ಒಂದೂವರೆ ಸಾಲು.

ಪೊಲಾಕ್ ಭಾಗದಲ್ಲೂ ಅವಸರ. ತಮ್ಮ ಹಾಗೆಯೇ ಟ್ರಾನ್ಸ್ ಮಹಿಳೆಯಾದ ಕೇಟ್ ಗಾಡ್ವಿನ್‌ಳನ್ನು ಅವರು ಕಥೆಗೆ ತಂದರು. ಈ ಮೈಗೂ ನನಗೂ ಏನು ನಂಟು ಎಂದು ಕ್ಲಿಫ್‌ನನ್ನು ಕಾಡುವ ಪ್ರಶ್ನೆ ಅಲ್ಲಿ ಇನ್ನೊಂದು ದಿಕ್ಕಿನಿಂದ ಬರುತ್ತದೆ. ನೀವು ಸುಮ್ನೆ ‘ಹೊಸ ಪಾತ್ರ’ ಎಂದು ದಾಟಿಬಿಟ್ಟಿದ್ದೀರಿ.

2004ರಲ್ಲಿ ಜಾನ್ ಬರ್ನ್ ಹಿಂದಿನದೆಲ್ಲ ನಡೆದೇ ಇಲ್ಲ ಎಂಬಂತೆ ಮೊದಲಿನಿಂದ ಶುರುಮಾಡಿದರು. 2009ರಲ್ಲಿ ಕೀತ್ ಗಿಫೆನ್ ಹಿಂದಿನವರು ಬರೆದದ್ದನ್ನೆಲ್ಲ ಒಪ್ಪಿಕೊಂಡೇ ಮುಂದುವರಿದರು. ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೊಗಳಿದರೆ ಹೇಗೆ? ನನಗೆ ಗಿಫೆನ್ ದಾರಿಯೇ ಇಷ್ಟ, ಏಕೆಂದರೆ ಅಷ್ಟೆಲ್ಲ ಪೆಟ್ಟು ತಿಂದ ಕ್ಲಿಫ್‌ನ ನೆನಪುಗಳನ್ನೇ ಅಳಿಸಿದರೆ ಅವನಲ್ಲಿ ಉಳಿಯುವುದು ತಗಡು ಮಾತ್ರ. ನೀವು ಒಪ್ಪದಿದ್ದರೆ ಬರೆದು ತೋರಿಸಿ, ಖುಷಿಯಿಂದ ಓದುತ್ತೇನೆ.

ಇನ್ನೊಂದು ಮಾತು. 1968ರ 121ನೇ ಸಂಚಿಕೆಯಲ್ಲಿ, 14 ಜನರಿರುವ ಒಂದು ಮೀನುಗಾರರ ಊರನ್ನು ಉಳಿಸಲು ಇಡೀ ತಂಡ ಪ್ರಾಣ ಕೊಡುತ್ತದೆ. ಗುರುತು ಪರಿಚಯ ಇಲ್ಲದ 14 ಜನ! 1977ರಲ್ಲಿ ಪಾಲ್ ಕಪ್ಪರ್‌ಬರ್ಗ್ ಕ್ಲಿಫ್‌ನನ್ನು ವಾಪಸ್ ತಂದದ್ದು ಈ ಸಾವಿನಿಂದ. ಇದನ್ನು ಏಳನೇ ಪ್ಯಾರಾದಲ್ಲಿ ಯಾಕೆ ಹೂತಿಟ್ಟಿರಿ? ಅಲ್ಲಿಂದಲೇ ಶುರುಮಾಡಿ, ಕ್ಲಿಫ್‌ನ ಬೆನ್ನು ಹಿಡಿದು ಬನ್ನಿ. 800 ಪದ ಸಾಕು. ಮುಂದಿನ ತಿಂಗಳೊಳಗೆ ಕಳಿಸುತ್ತೀರಾ?