ಹೊಸ ಹೋರಿ ಗಾಡಿಗೆ ಕಟ್ಟಿದರೆ ಮಲಗಿಬಿಡುತ್ತೆ. ಎಷ್ಟು ಹೊಡೆದರೆ ತಪ್ಪಾಗಲ್ಲ?

ಎಷ್ಟು ಅಂತ ಕೇಳಬೇಡಿ. ಮೊದಲು ನೊಗ ಇಳಿಸಿ ಅದರ ಹೆಗಲು ಮುಟ್ಟಿ ನೋಡಿ.

ನಮ್ಮದೂ ಹೀಗೇ ಮಲಗುತ್ತಿತ್ತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ತಂದ ಹಳ್ಳಿಕಾರ್ ಹೋರಿ, ಬಲು ಚುರುಕು. ಗಾಡಿಗೆ ಕಟ್ಟಿದರೆ ಮಾತ್ರ ನಾಲ್ಕು ಹೆಜ್ಜೆ ಹಾಕಿ, ಮುಂಗಾಲು ಮಡಚಿ ಕೂತುಬಿಡೋದು. ಊರಲ್ಲಿ ಎಲ್ಲರದ್ದೂ ಒಂದೇ ಮಾತು: "ಮೈಗಳ್ಳ ಕಣೋ, ಬಾಲ ತಿರುಚು, ಎರಡು ಬಾರಿಸು." ಬಾರಿಸಿದೆ. ಎದ್ದಿತು. ಅದು ಎದ್ದಿದ್ದೇ ಕೆಟ್ಟದ್ದಾಯ್ತು, ಕೋಲಿಗೆ ಬಗ್ಗುತ್ತೆ ಅಂತ ನಂಬಿಬಿಟ್ಟೆ.

ಹೆಗಲು ನೋಡದೇ ಕೋಲು ಎತ್ತಿದ್ದೇ ನನ್ನ ತಪ್ಪು. ಜೊತೆಗೆ ಕಟ್ಟಿದ್ದ ಹಳೆ ಎತ್ತು ನಾಲ್ಕು ಬೆರಳು ಎತ್ತರ ಇತ್ತು. ನೊಗ ಓರೆಯಾಗಿ ಗಿಡ್ಡ ಹೋರಿಯ ಮೇಲೆ ಭಾರ ಬೀಳುತ್ತಿತ್ತು. ಸಾಲದ್ದಕ್ಕೆ ನೊಗದ ಅಡಿ ಸೀಳು ಬಿಟ್ಟಿತ್ತು. ಹೊಸ ಹೋರಿಯ ಹೆಗಲ ಚರ್ಮ ಇನ್ನೂ ಗಟ್ಟಿಯಾಗಿರಲ್ಲ ಅಲ್ವಾ, ಉಜ್ಜಿ ಉಜ್ಜಿ ಊದಿಕೊಂಡಿತ್ತು. ದೂರದಿಂದ ನೋಡಿದರೆ ಏನೂ ಕಾಣಲ್ಲ. ಅಂಗೈ ಇಟ್ಟರೆ ಕಾದ ಹಂಚಿನ ಹಾಗೆ ಬಿಸಿ. ಮಲಗಿದರೆ ಎಳೆಯೋದು ನಿಲ್ಲುತ್ತೆ, ನೋವು ಸ್ವಲ್ಪ ತಗ್ಗುತ್ತೆ. ಅದಕ್ಕೆ ಗೊತ್ತಿದ್ದ ದಾರಿ ಅದೊಂದೇ. ನಾನು ಅದಕ್ಕೂ ಹೊಡೆಯುತ್ತಿದ್ದೆ. ಕೀವು ಒಡೆದ ಮೇಲೆ ಡಾಕ್ಟರು ತೋರಿಸಿಕೊಟ್ಟಾಗಲೇ ನನಗೆ ಅರ್ಥವಾಗಿದ್ದು.

ಮುಲಾಮು ಹಚ್ಚಿ ಹುಣ್ಣು ಮಾಯಿತು. ಆದರೆ ನಾನು ನೊಗ ಮುಟ್ಟಿದರೆ ಸಾಕು, ಕೊಟ್ಟಿಗೆ ಮೂಲೆಗೆ ಸರಿದು ಗಂಜಲ ಹೊಯ್ದುಕೊಳ್ಳೋದು. ನನ್ನ ಹೆಂಡತಿ ಹುಲ್ಲು ಹಾಕಿದರೆ ತಿನ್ನುತ್ತಿತ್ತು, ನಾನು ಹಾಕಿದರೆ ಮೂಸುತ್ತಲೂ ಇರಲಿಲ್ಲ. ದನಗಳು ಹೊಡೆದವರನ್ನು ಮರೆಯಲ್ಲ. ಕೊನೆಗೆ ಅರ್ಧ ಬೆಲೆಗೆ ಮಾರಿದೆ.

ಕಾನೂನೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹೊಡೆದು ಹಿಂಸಿಸೋದು ಮಾತ್ರ ಅಲ್ಲ, ಹುಣ್ಣಾದ ಎತ್ತನ್ನು ದುಡಿಸೋದೂ ಅಪರಾಧ. ಮೊಳೆ ಹೊಡೆದ ಕೋಲನ್ನು 1965ರ ನಿಯಮಗಳು ನಿಷೇಧಿಸಿವೆ. ಆದರೆ ಮೂಲ ಕಾಯ್ದೆಯಲ್ಲಿ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಅದಕ್ಕೆ ಹೆದರಿ ಯಾರು ಕೋಲು ಕೆಳಗಿಡುತ್ತಾರೆ? ನಾವಾಗೇ ಇಡಬೇಕು.

ಹೆಗಲು ಬಿಸಿ ಇದ್ದರೆ, ಊದಿದ್ದರೆ ಹೂಡಲೇಬೇಡಿ, ಪಶು ಆಸ್ಪತ್ರೆಗೆ ತೋರಿಸಿ. ಚೆನ್ನಾಗಿದ್ದರೆ ಗಾಡಿ ಸದ್ಯಕ್ಕೆ ಬಿಡಿ. ಸಮ ಎತ್ತರದ, ಸಾಧು ಎತ್ತಿನ ಜೊತೆ ಬರೀ ನೊಗ ಇಟ್ಟು ಬೆಳಗಿನ ತಂಪಲ್ಲಿ ನಡೆಸಿ. ಆಮೇಲೆ ಸಣ್ಣ ದಿಮ್ಮಿ ಎಳೆಸಿ, ಆಮೇಲೆ ಖಾಲಿ ಗಾಡಿ. ಮಲಗಿದರೆ ಕೂಗಬೇಡಿ, ಸುಮ್ನೆ ನಿಂತುಕೊಳ್ಳಿ. ಎದ್ದು ಎರಡು ಹೆಜ್ಜೆ ಹಾಕಿದ ತಕ್ಷಣ ಬಿಚ್ಚಿ, ಒಂದು ಹಿಡಿ ಹಿಂಡಿ ಕೊಡಿ. ಮಲಗಿದಾಗ ಬಿಚ್ಚಿದರೆ ಮಲಗೋದನ್ನೇ ಕಲಿಯುತ್ತೆ. ಬೆನ್ನು ತಟ್ಟಿ ಮುಂದೆ ನಡೆಸೋದು ಸರಿ. ನಿಮ್ಮ ಸಿಟ್ಟು ಅದರ ಮೇಲೆ ತೀರಿಸಿಕೊಳ್ಳೋದು ಯಾವ ಲೆಕ್ಕದಲ್ಲೂ ಸರಿಯಲ್ಲ. ಇಷ್ಟಾದರೂ ಎಳೆಯಲಿಲ್ಲ ಅಂದರೆ ಈ ವರ್ಷ ಉಳುಮೆಗೆ ಟ್ರ್ಯಾಕ್ಟರ್ ಬಾಡಿಗೆಗೆ ಹಿಡೀರಿ, ಹೋರಿಗೆ ಇನ್ನೂ ಸ್ವಲ್ಪ ಬಲ ಬರಲಿ.

ಜೊತೆ ಎತ್ತು ಎಷ್ಟು ಎತ್ತರ ಇದೆ ಅಂತ ನೀವು ಬರೆದಿಲ್ಲ. ಅಳೆದು ತಿಳಿಸಿ.