ಮಿಲ್ಲಿದೆ, ನೀರೇ ಇಲ್ಲ

ನಮಸ್ಕಾರ. ಇಂಗ್ಲೆಂಡಿನ ಡರ್ಬಿಶೈರ್‌ಗೆ ಹೋಗಿ ಕ್ರಾಮ್‌ಫರ್ಡ್ ಹತ್ತಿಮಿಲ್ ನೋಡ್ಕೊಂಡು ಬಂದು ನೀವು ಬರೆದ ಲೇಖನ ಓದಿದೆ. ಈಗಿರೋ ಹಾಗೆ ಪತ್ರಿಕೇಲಿ ಹಾಕೋಕಾಗಲ್ಲ, ಬಿಟ್ಟುಬಿಡೋಕೂ ಮನಸ್ಸು ಬರ್ತಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲೆರಡು ಪ್ಯಾರಾ ತೆಗೀರಿ. "ಇತಿಹಾಸದ ಮೂಕಸಾಕ್ಷಿ" ಅನ್ನೋದನ್ನ ಹಂಪಿಗೂ ಹಾಕಬಹುದು, ಚಿತ್ರದುರ್ಗಕ್ಕೂ ಹಾಕಬಹುದು. "ಐದಂತಸ್ತಿನ ಭವ್ಯ ಕಟ್ಟಡ" ಅಂತ ಬೇರೆ ಇದೆ, ಮೇಲಿನ ಎರಡು ಅಂತಸ್ತು 1929ರ ಬೆಂಕೀಲೇ ಹೋಯ್ತು, ನೀವೇ ಕಳಿಸಿದ ಫೋಟೋದಲ್ಲಿ ಮೂರಿದೆ, ಎಣಿಸಿ.

ಇನ್ನು ನೀರು. ಇಡೀ ಲೇಖನದಲ್ಲಿ "ಪಕ್ಕದಲ್ಲಿ ತೊರೆ ಹರಿಯುತ್ತಿತ್ತು" ಅಂತ ಒಂದೇ ಸಾಲು. ಅಲ್ಲಾರೀ, ನೀರಿಂದ ಓಡ್ತಿದ್ದ ಮಿಲ್ಲದು! ಇದನ್ನ ಕಟ್ಟಿಸಿದ ಆರ್ಕ್‌ರೈಟ್ ಮೊದಲು ನಾಟಿಂಗ್‌ಹ್ಯಾಮ್‌ನಲ್ಲಿ ಕುದುರೆ ಕಟ್ಟಿ ನೂಲೋ ಮಷೀನ್ ತಿರುಗಿಸ್ತಿದ್ದ, 1771ರಲ್ಲಿ ಈ ಮೂಲೆಗೆ ಬಂದಿದ್ದೇ ನೀರಿಗೋಸ್ಕರ. ಬಾನ್ಸಲ್ ಹಳ್ಳದ ಜೊತೆಗೆ, ಸೀಸದ ಗಣಿಗಳ ನೀರು ಹೊರಹಾಕೋಕೆ ತೋಡಿದ್ದ ಸುರಂಗದ ನೀರೂ ಅಲ್ಲಿತ್ತು, ನೆಲದೊಳಗಿಂದ ಸ್ವಲ್ಪ ಬೆಚ್ಚಗೇ ಬರ್ತಿದ್ರಿಂದ ಚಳಿಗಾಲದಲ್ಲೂ ಹೆಪ್ಪುಗಟ್ತಿರಲಿಲ್ಲ, ಚಕ್ರ ನಿಲ್ತಿರಲಿಲ್ಲ, ರಾತ್ರಿ ಪಾಳಿನೂ ನಡೀತಿತ್ತು, ಅದ್ರಲ್ಲಿ ಮಕ್ಕಳೂ ಇದ್ರು. 1840ರ ಸುಮಾರಿಗೆ ಗಣಿಯೋರು ಇನ್ನೂ ಆಳದಲ್ಲಿ ಬೇರೆ ಸುರಂಗ ತೋಡಿದ್ರು, ನೀರು ಆ ಕಡೆ ಇಳಿದುಹೋಯ್ತು, ಇಲ್ಲಿ ನೂಲೋ ಕೆಲಸ ಸೊರಗ್ತಾ ಬಂತು. ಲೇಖನ ಶುರುವಾಗ್ಬೇಕಾದ್ದೇ ಇಲ್ಲಿಂದ.

"ವಾಟರ್ ಫ್ರೇಮ್ ಎಂಬ ಅದ್ಭುತ ಯಂತ್ರ" ಅಂತೀರ, ಏನದ್ಭುತ ಅಂತ ಹೇಳಲ್ಲ. ಹಂಜಿ, ಅಂದ್ರೆ ನೂಲೋಕೆ ಸಿದ್ಧ ಮಾಡಿದ ಹತ್ತಿ ಎಳೆ, ಜೋಡಿ ರೋಲರ್‌ಗಳ ಮಧ್ಯೆ ಹೋಗುತ್ತೆ, ಮುಂದಿನ ಜೋಡಿ ಹಿಂದಿನದಕ್ಕಿಂತ ಜೋರಾಗಿ ತಿರುಗೋದ್ರಿಂದ ಎಳೆದೆಳೆದು ಸಣ್ಣ ಆಗುತ್ತೆ, ಆಮೇಲೆ ಕದಿರು ಹುರಿ ಹಾಕುತ್ತೆ. ಹಾಸುನೂಲಿಗೆ, ಅಂದ್ರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದು ಕಟ್ಟೋ ನೂಲಿಗೆ, ಆಗೋವಷ್ಟು ಗಟ್ಟಿ ಹತ್ತಿನೂಲು ಬಂತು, ಅಲ್ಲಿವರೆಗೂ ಅಲ್ಲಿನ ನೇಕಾರರು ಹಾಸುನೂಲಿಗೆ ಲಿನನ್ ನೂಲೇ ಹಾಕ್ತಿದ್ದಿದ್ದು. ನೀವು ಮಗ್ಗದ ಮನೆಯವರು ಅಂತ ಪತ್ರದಲ್ಲಿ ಬರ್ದಿದೀರ, ಇದನ್ನ ನಿಮ್ಮಷ್ಟು ಚೆನ್ನಾಗಿ ಯಾರು ಬರೀತಾರೆ ಹೇಳಿ!

ಒಂದು ಜಾಗ ಮಾತ್ರ ಸಕತ್ತಾಗಿದೆ, ರಸ್ತೆ ಕಡೆ ಕೆಳಗಿನ ಗೋಡೇಲಿ ಕಿಟಕಿನೇ ಇಲ್ಲ ಅಂತ ಗಮನಿಸಿದ್ದು. ಆದ್ರೆ "ಯಾಕೋ ತಿಳಿಯದು" ಅಂತ ಕೈಬಿಟ್ರಿ. 1779ರಲ್ಲಿ ಲ್ಯಾಂಕಾಶೈರ್‌ನಲ್ಲಿದ್ದ ಆರ್ಕ್‌ರೈಟ್‌ನ ಇನ್ನೊಂದು ಮಿಲ್ಲಿಗೆ ಜನ ನುಗ್ಗಿ ಬೆಂಕಿ ಹಚ್ಚಿದ್ರು ಅನ್ನೋದನ್ನ ಆ ಗೋಡೆ ಪಕ್ಕ ಇಟ್ಟು ನೋಡಿ.

ಕೊನೇಲಿ ಗಾಂಧೀಜಿ ಚರಕ ತಂದಿದ್ದು ಬೇಡವೇ ಬೇಡ. ಎಂಟುನೂರು ಪದದೊಳಗೆ ತಿದ್ದಿ ಕಳ್ಸಿ, ಮಿಲ್ಲಿಗೆ ನೀರು ತರ್ತಿದ್ದ ನಾಲೆಯ ಫೋಟೋ ಇದ್ರೆ ಅದನ್ನೂ ಸೇರಿಸಿ, ಸೆಲ್ಫಿ ಬೇಡ.