ವೈಟ್‌ಫೀಲ್ಡ್ ಕಡೆ ಫ್ಲಾಟ್ ಬದಲಿಸುವವರು ಮೊದಲು ಮಾರಬೇಕೇ, ಮೊದಲು ಕೊಳ್ಳಬೇಕೇ?

ವೈಟ್‌ಫೀಲ್ಡ್ ಬಳಿಯ ಎರಡು ಬೆಡ್‌ರೂಮಿನ ಫ್ಲಾಟ್ ಮಾರಿ ಅದೇ ಸುತ್ತಿನಲ್ಲಿ ದೊಡ್ಡದನ್ನು ಕೊಳ್ಳಬೇಕು, ಹಳೆಯ ಸಾಲ ಇನ್ನೂ ತೀರಿಲ್ಲ, ಯಾವುದನ್ನು ಮೊದಲು ಮಾಡಲಿ ಎಂದು ಕೇಳಿದ್ದೀರಿ. ಕಾಡುಗೋಡಿಯ ಹತ್ತಿರ ಇದೇ ಕೆಲಸವನ್ನು ತಿರುಗುಮುರುಗು ಮಾಡಿ ಕೈ ಸುಟ್ಟುಕೊಂಡವನು ನಾನು. ಮೊದಲು ಮಾರಿ. ಅದಕ್ಕೂ ಮೊದಲು ಕಾಗದಪತ್ರ ಸರಿ ಮಾಡಿಟ್ಟುಕೊಳ್ಳಿ.

ನಾನು ಹೊಸ ಮನೆಗೆ ಮುಂಗಡ ಕೊಟ್ಟ ಮೇಲೆ ಹಳೆಯದಕ್ಕೆ ಗಿರಾಕಿ ಹುಡುಕಲು ಹೊರಟೆ. ಗಿರಾಕಿ ಎರಡೇ ವಾರದಲ್ಲಿ ಸಿಕ್ಕರು. ಸಿಕ್ಕಿಹಾಕಿಕೊಂಡದ್ದು ಇ-ಖಾತೆಯಲ್ಲಿ, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಎಂದು ಪಾಲಿಕೆ ಕೊಡುವ ಡಿಜಿಟಲ್ ದಾಖಲೆಯಲ್ಲಿ. 2024ರ ಕೊನೆಯಿಂದ ಬೆಂಗಳೂರಿನಲ್ಲಿ ಅದಿಲ್ಲದೆ ಕ್ರಯಪತ್ರ ನೋಂದಣಿಯಾಗುವುದಿಲ್ಲ. ನನ್ನ ಕ್ರಯಪತ್ರದಲ್ಲಿ ಬರೀ ಇನಿಷಿಯಲ್ ಆಗಿದ್ದದ್ದು ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರಾಗಿತ್ತು. ಅಷ್ಟಕ್ಕೇ ಅರ್ಜಿ ಎರಡು ಸಲ ವಾಪಸ್ಸು ಬಂದು ಏಳು ವಾರ ಹೋಯಿತು. ಆ ಏಳು ವಾರವೂ ನನಗೆ ಮನೆ ಮಾರುವವರು ‘ಉಳಿದ ಹಣ ಎಲ್ಲಿ’ ಎಂದರೆ, ನನ್ನಿಂದ ಕೊಳ್ಳುವವರು ‘ಖಾತೆ ಎಲ್ಲಿ’ ಎನ್ನುತ್ತಿದ್ದರು. ಕೊನೆಗೆ ಮಾವನವರ ಠೇವಣಿ ಮುರಿಸಿ ಮರ್ಯಾದೆ ಉಳಿಸಿಕೊಂಡೆ. ಆ ಮಾತು ಹಬ್ಬಕ್ಕೊಮ್ಮೆ ಈಗಲೂ ಬರುತ್ತದೆ.

ಸಾಲ ಇರುವ ಮನೆಯ ಮೂಲಪತ್ರಗಳು ಬ್ಯಾಂಕಿನಲ್ಲಿರುತ್ತವೆ. ಬಾಕಿ ಎಷ್ಟು, ಯಾವ ಯಾವ ಪತ್ರ ತಮ್ಮ ಬಳಿ ಇವೆ ಎಂಬ ಪಟ್ಟಿಯನ್ನು ಈಗಲೇ ಲಿಖಿತವಾಗಿ ಪಡೆಯಿರಿ. ಕೊಳ್ಳುವವರ ಬ್ಯಾಂಕು ಅದನ್ನು ನೋಡಿಯೇ ನಿಮ್ಮ ಬಾಕಿಯನ್ನು ನೇರವಾಗಿ ನಿಮ್ಮ ಬ್ಯಾಂಕಿಗೆ ಕಟ್ಟುತ್ತದೆ. ಸಾಲ ತೀರಿದ 30 ದಿನದೊಳಗೆ ಪತ್ರ ಹಿಂತಿರುಗಿಸಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ನನ್ನ ಶಾಖೆಯವರು 28ನೇ ದಿನ ಕೊಟ್ಟರು. ನಿಯಮ ಚೆನ್ನಾಗಿ ಓದಿಕೊಂಡಿದ್ದರು!

ಮಾರಿದ ಮೇಲೆ ಎಲ್ಲಿರುವುದು ಎಂಬ ಭಯ ಬೇಡ. ಎರಡು ಮೂರು ತಿಂಗಳು ಅದೇ ಮನೆಯಲ್ಲಿ ಬಾಡಿಗೆಗೆ ಇರುತ್ತೇವೆಂದು ಕರಾರುಪತ್ರದಲ್ಲೇ ಬರೆಸಿ, ಆಷಾಢ ಬಂದರಂತೂ ಕೊಂಡವರೇ ಗೃಹಪ್ರವೇಶ ಮುಂದೂಡುತ್ತಾರೆ. ತೆರಿಗೆಯ ದೃಷ್ಟಿಯಿಂದಲೂ ಅವಸರವಿಲ್ಲ: ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮದಾಗಿದ್ದ ಮನೆಯನ್ನು ಮಾರಿದರೆ, ಬಂದ ಲಾಭವನ್ನು ಮುಂದಿನ ಎರಡು ವರ್ಷದೊಳಗೆ ಇನ್ನೊಂದು ಮನೆಗೆ ಹಾಕಿ ವಿನಾಯಿತಿ ಪಡೆಯಬಹುದು. ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಮನೆ ಸಿಗದಿದ್ದರೆ ಆ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿಡಬೇಕು.

ಕೊಳ್ಳುವಾಗ ಕೈಯಲ್ಲಿ ಬೇರೆಯಾಗಿ ಹಣ ಇರಲಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಮುದ್ರಾಂಕ, ಸೆಸ್, ಸರ್‌ಚಾರ್ಜ್ ಸೇರಿ ಒಂದು ಕೋಟಿಯ ಮನೆಗೆ ಸುಮಾರು 7.6 ಲಕ್ಷ. ಇದು ಗೃಹಸಾಲದ ಲೆಕ್ಕಕ್ಕೆ ಸೇರುವುದಿಲ್ಲ. ಇನ್ನೊಂದು ಮಾತು, ಈ ಭಾಗದ ಎಷ್ಟೋ ಫ್ಲಾಟುಗಳ ಮಾಲೀಕರು ಅಮೆರಿಕದಲ್ಲಿದ್ದಾರೆ. ಇಲ್ಲಿರುವವರಿಂದ 50 ಲಕ್ಷ ಅಥವಾ ಹೆಚ್ಚಿನ ಮನೆ ಕೊಂಡರೆ ಶೇ 1ರಷ್ಟು ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿದರೆ ಸಾಕು. ಅನಿವಾಸಿಗಳಾದರೆ ಅದು ಬಹಳ ಹೆಚ್ಚು, ಕಟ್ಟದಿದ್ದರೆ ಇಲಾಖೆ ಹಿಡಿಯುವುದು ನಿಮ್ಮನ್ನು. ಮುಂಗಡ ಕೊಡುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿ.

2023ರಲ್ಲಿ ನೇರಳೆ ಮಾರ್ಗದ ಮೆಟ್ರೋ ಕಾಡುಗೋಡಿ ಮುಟ್ಟಿದ ಮೇಲೆ ಇಲ್ಲಿನ ಬ್ರೋಕರುಗಳಿಗೆ ಎಲ್ಲ ಮನೆಯೂ ನಿಲ್ದಾಣದಿಂದ ಐದು ನಿಮಿಷ. ಅದನ್ನು ನೀವೇ ನಡೆದು ನೋಡಬಹುದು. ನೀರನ್ನು ಮಾತ್ರ ಕೆದಕಿ ಕೇಳಬೇಕು. ನಗರಕ್ಕೆ ಸೇರಿಸಿಕೊಂಡ ಸುತ್ತಲಿನ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಆದರೆ ‘ಕಾವೇರಿ ಸಂಪರ್ಕ ಇದೆ’ ಎನ್ನುವುದೂ ‘ಕಾವೇರಿ ನೀರು ಬರುತ್ತದೆ’ ಎನ್ನುವುದೂ ಒಂದೇ ಅಲ್ಲ. ನಾನು ನಿವಾಸಿಗಳ ಸಂಘದಿಂದ ಮಾರ್ಚ್, ಏಪ್ರಿಲ್, ಮೇ ತಿಂಗಳ ಟ್ಯಾಂಕರ್ ಬಿಲ್ಲು ಕೇಳಿ ಪಡೆದೆ. ಒಂದು ಕಡೆ ತೋರಿಸಲು ಒಪ್ಪಲಿಲ್ಲ. ಆ ಮನೆಯನ್ನು ಅಲ್ಲಿಗೇ ಬಿಟ್ಟೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ನೆಲಮಾಳಿಗೆಗೆ ನೀರು ನುಗ್ಗಿತ್ತೇ ಎಂಬುದನ್ನು ಮಾಲೀಕರನ್ನಲ್ಲ, ಕಾವಲುಗಾರನನ್ನು ಕೇಳಿ.

ಕೀಲಿಕೈ ಕೊಡುವ ದಿನವೇ ವಿದ್ಯುತ್ ಮೀಟರಿನ ಹೆಸರನ್ನೂ ಮೊಬೈಲ್ ಸಂಖ್ಯೆಯನ್ನೂ ಬದಲಿಸಿಕೊಡಿ. ನಾನು ಮರೆತೆ. ಹಳೆಯ ಮನೆಯ ಬಿಲ್ಲಿನ ಸಂದೇಶ ಇಂದಿಗೂ ನನ್ನ ಫೋನಿಗೇ ಬರುತ್ತದೆ. ಕಳೆದ ತಿಂಗಳದ್ದು ಎರಡು ಪಟ್ಟಾಗಿತ್ತು, ಎಸಿ ಹಾಕಿಸಿರಬೇಕು.